ಕ್ಷಮಾಧಿಕಾರ ಮತ್ತು ರಾಜಸೇವಕನ ಅಪರಾಧ

ದಂಡಿಸುವ ಅಧಿಕಾರ, ಕ್ಷಮಿಸುವ ಅಧಿಕಾರ ಇವೆರಡೂ ಪ್ರಭುತ್ವದ ಲಕ್ಷಣಗಳೆಂಬುದನ್ನು ರಾಜನೀತಿಜ್ಞರು ಬಹುಕಾಲದಿಂದ ಒಪ್ಪಿಕೊಂಡು ಬಂದಿದ್ದಾರೆ. ಕಾನೂನು ಎಷ್ಟೇ ವಿವೇಕದಿಂದ ರಚಿತವಾಗಿದ್ದರೂ ಅದು ಸಾಮಾನ್ಯ ನಿಯಮ ಮಾತ್ರ. ಒಬ್ಬೊಬ್ಬ ಅಪರಾಧಿಯ ವಯಸ್ಸು, ಅನಾರೋಗ್ಯ, ಪಶ್ಚಾತ್ತಾಪ, ಅಪರಾಧ ನಡೆದ ಸನ್ನಿವೇಶ ಇವೆಲ್ಲವನ್ನೂ ಅದು ಮುಂಗಾಣಲಾರದು. ನ್ಯಾಯಾಧೀಶನೂ ಮನುಷ್ಯನೇ ಆದುದರಿಂದ ಅವನ ತೀರ್ಪಿನಲ್ಲಿಯೂ ಪ್ರಮಾದಕ್ಕೆ ಎಡೆಯುಂಟು. ಆದಕಾರಣ ಎಲ್ಲ ಬಾಗಿಲುಗಳೂ ಮುಚ್ಚಿದ ಮೇಲೆ ಕರುಣೆಯ ಬಾಗಿಲೊಂದು ತೆರೆದಿರಬೇಕೆಂಬುದು ನ್ಯಾಯವೇ ಆಗಿದೆ. ಇಷ್ಟರ ಮಟ್ಟಿಗೆ ವಿವಾದವಿಲ್ಲ.

ವಿವಾದ ತಲೆದೋರುವುದು ಅಪರಾಧಿಯು ಪ್ರಭುತ್ವದ ಸೇವಕನೇ ಆಗಿದ್ದಾಗ. ಹಸಿವಿನಿಂದ ಕದ್ದವನೊಬ್ಬನನ್ನು ಅರಸನು ಕ್ಷಮಿಸಿದರೆ ಅದರಿಂದ ಅರಸನಿಗೆ ಸ್ವಂತ ಲಾಭವೇನೂ ಇಲ್ಲ. ತನ್ನ ಮಂತ್ರಿಯನ್ನೋ ಕಾರ್ಯದರ್ಶಿಯನ್ನೋ ಕ್ಷಮಿಸುವಾಗ ಹಾಗೆ ಹೇಳಲು ಬರುವುದಿಲ್ಲ. ಆ ಸೇವಕನು ಯಾರ ಆಜ್ಞೆಯಿಂದ ತಪ್ಪು ಮಾಡಿದನು, ಯಾರಿಗಾಗಿ ಸುಳ್ಳು ನುಡಿದನು, ಅವನು ಬಾಯಿಬಿಟ್ಟರೆ ಯಾರ ಹೆಸರು ಹೊರಬಂದೀತು ಎಂಬ ಪ್ರಶ್ನೆಗಳು ಏಳುತ್ತವೆ. ಕರುಣೆಯ ವೇಷದಲ್ಲಿ ಆತ್ಮರಕ್ಷಣೆಯೂ ಬರಬಹುದು. ಹೊರಗಿನಿಂದ ನೋಡುವ ಪ್ರಜೆಗೆ ಇವೆರಡರ ಭೇದ ಸುಲಭವಾಗಿ ತಿಳಿಯುವುದಿಲ್ಲ.

ಹಾಗಾದರೆ ಶಿಕ್ಷಿತನಾದ ರಾಜಸೇವಕನನ್ನು ನಾಯಕನಾದವನು ಕ್ಷಮಿಸಲೇಬಾರದೆ? ಕ್ಷಮಿಸಬಹುದಾದರೆ ಯಾವಾಗ, ಎಷ್ಟರ ಮಟ್ಟಿಗೆ? ಈ ಪ್ರಶ್ನೆಯನ್ನು ೧೭ನೆಯ ಶತಮಾನದ ಇಂಗ್ಲೆಂಡು ಎರಡು ಪ್ರಕರಣಗಳಲ್ಲಿ ಎದುರಿಸಿತು. ಅಲ್ಲಿ ದೊರೆತ ಉತ್ತರದ ಪ್ರಭಾವ ಅಮೆರಿಕದ ಸಂವಿಧಾನದ ಮೇಲೂ ಆಯಿತು. ಕ್ಷಮಾಧಿಕಾರದ ಆಂಗ್ಲ ಪರಂಪರೆಯು ನಮ್ಮ ಸಂವಿಧಾನಕ್ಕೂ ಬಂದಿದೆ. ಈ ಇತಿಹಾಸದ ಮುಖ್ಯ ಘಟ್ಟಗಳನ್ನು ಇಲ್ಲಿ ಕ್ರಮವಾಗಿ ಪರಿಶೀಲಿಸಬಹುದು.

ಬೇಕನ್ನನ ಪತನ

ತತ್ತ್ವಜ್ಞನೆಂದೂ ಪ್ರಬಂಧಕಾರನೆಂದೂ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತನಾದ ಫ್ರಾನ್ಸಿಸ್ ಬೇಕನ್ ೧೬೧೮ರಲ್ಲಿ ಇಂಗ್ಲೆಂಡಿನ ಲಾರ್ಡ್ ಚಾನ್ಸಲರ್ ಆದನು. ರಾಜ್ಯದ ಮಹಾಮುದ್ರೆ ಅವನ ವಶದಲ್ಲಿದ್ದಿತು. ಚಾನ್ಸರಿ ನ್ಯಾಯಾಲಯದ ಅಧ್ಯಕ್ಷನೂ ಅವನೇ. ೧೬೨೧ರ ಜನವರಿಯಲ್ಲಿ ಸೇಂಟ್ ಆಲ್ಬನ್ನಿನ ವೈಕೌಂಟ್ ಎಂಬ ಪದವಿಯೂ ಅವನಿಗೆ ದೊರೆಯಿತು. ಅದೇ ತಿಂಗಳ ಕೊನೆಯಲ್ಲಿ ಪಾರ್ಲಿಮೆಂಟು ಸಮಾವೇಶಗೊಂಡಿತು. ರಾಜನ ಆಪ್ತರಿಗೆ ದೊರೆತಿದ್ದ ವಾಣಿಜ್ಯದ ಏಕಸ್ವಾಮ್ಯಗಳ ಬಗ್ಗೆ ಜನರಲ್ಲಿ ತೀವ್ರ ಅಸಮಾಧಾನವಿದ್ದ ಕಾಲವದು.

ಮಾರ್ಚ್ ತಿಂಗಳಲ್ಲಿ ಆಬ್ರಿ ಮತ್ತು ಎಗರ್ಟನ್ ಎಂಬ ಇಬ್ಬರು ಕಕ್ಷಿದಾರರು ಕಾಮನ್ಸ್ ಸಭೆಗೆ ದೂರಿತ್ತರು. ತಮ್ಮ ವ್ಯಾಜ್ಯಗಳು ಚಾನ್ಸಲರನ ಮುಂದೆ ಇದ್ದಾಗ ಒಬ್ಬನು ೧೦೦ ಪೌಂಡುಗಳನ್ನೂ ಮತ್ತೊಬ್ಬನು ೪೦೦ ಪೌಂಡುಗಳನ್ನೂ ಕೊಟ್ಟುದಾಗಿ ಅವರು ತಿಳಿಸಿದರು. ವಿಚಿತ್ರವೆಂದರೆ ಹಣ ಕೊಟ್ಟ ಮೇಲೆಯೂ ಇಬ್ಬರಿಗೂ ಪ್ರತಿಕೂಲವಾದ ಆದೇಶಗಳೇ ಬಂದಿದ್ದುವು. ಹಣವು ನ್ಯಾಯವನ್ನು ಬಾಗಿಸಲಿಲ್ಲವೆಂದು ಬೇಕನ್ ಕೊನೆಯವರೆಗೂ ಹೇಳುತ್ತ ಬಂದುದಕ್ಕೆ ಇದು ಆಧಾರ. ಆದರೆ ದೂರುಗಳು ಬೆಳೆದು ೨೮ ಆರೋಪಗಳಾದುವು. ಲಾರ್ಡ್ಸ್ ಸಭೆಯ ಮುಂದೆ ಅವನು ವಾದಿಸಲಿಲ್ಲ. ತಪ್ಪನ್ನು ಲಿಖಿತವಾಗಿ ಒಪ್ಪಿಕೊಂಡನು. ಅಧಿಕಾರಸ್ಥನು ತನ್ನ ಕೈಯನ್ನೂ ತನ್ನ ಸೇವಕರ ಕೈಯನ್ನೂ ಉಡುಗೊರೆಗಳಿಂದ ದೂರವಿಡಬೇಕೆಂದು ತನ್ನ ಪ್ರಬಂಧದಲ್ಲಿ ಬೋಧಿಸಿದವನೇ ಈ ಸ್ಥಿತಿಗೆ ಬಂದನು.

೧೬೨೧ರ ಮೇ ೩ರಂದು ತೀರ್ಪು ಹೊರಬಿತ್ತು. ೪೦,೦೦೦ ಪೌಂಡುಗಳ ದಂಡ. ರಾಜನ ಇಚ್ಛೆ ಇರುವವರೆಗೆ ಲಂಡನ್ನಿನ ಟವರ್ ಕೋಟೆಯಲ್ಲಿ ಸೆರೆವಾಸ. ಮುಂದೆ ಯಾವ ಸರ್ಕಾರಿ ಹುದ್ದೆಗೂ ಪಾರ್ಲಿಮೆಂಟಿನ ಸದಸ್ಯತ್ವಕ್ಕೂ ಅನರ್ಹತೆ. ರಾಜನ ಆಸ್ಥಾನದ ಪರಿಸರಕ್ಕೆ ಪ್ರವೇಶನಿಷೇಧ.

ಒಂದನೆಯ ಜೇಮ್ಸ್ ರಾಜನು ಮಾಡಿದುದೇನು? ಕೆಲವೇ ದಿನಗಳಲ್ಲಿ ಬೇಕನ್ನನನ್ನು ಸೆರೆಯಿಂದ ಬಿಡಿಸಿದನು. ಆ ವರ್ಷದ ಕೊನೆಯೊಳಗೆ ದಂಡದ ಹಣವನ್ನು ಬೇಕನ್ನನೇ ಸೂಚಿಸಿದ ವಿಶ್ವಸ್ಥರ ಹೆಸರಿಗೆ ವರ್ಗಾಯಿಸಿದನು. ಇದರಿಂದ ದಂಡ ತಪ್ಪಿತಲ್ಲದೆ ಇತರ ಸಾಲಗಾರರ ಕಾಟದಿಂದಲೂ ಅವನಿಗೆ ರಕ್ಷಣೆ ದೊರೆಯಿತು. ಕ್ಷಮಾಪತ್ರವೂ ಬಂದಿತು. ಆದರೆ ಹುದ್ದೆ ಮರಳಿ ಬರಲಿಲ್ಲ. ಬೇಕನ್ ಎಷ್ಟು ಸಲ ಬೇಡಿಕೊಂಡರೂ ರಾಜ್ಯದ ಯಾವ ಅಧಿಕಾರವೂ ಅವನಿಗೆ ದೊರೆಯಲಿಲ್ಲ. ಪಾರ್ಲಿಮೆಂಟಿನಲ್ಲಿ ಅವನು ಮತ್ತೆ ಕುಳಿತುಕೊಳ್ಳಲಿಲ್ಲ. ೧೬೨೬ರ ಏಪ್ರಿಲಿನಲ್ಲಿ ತೀರಿಕೊಳ್ಳುವವರೆಗೆ ಅವನು ಗ್ರಂಥರಚನೆಯಲ್ಲಿ ತೊಡಗಿದನು. ಏಳನೆಯ ಹೆನ್ರಿಯ ಚರಿತ್ರೆ, ಪ್ರಬಂಧಗಳ ವಿಸ್ತೃತ ಆವೃತ್ತಿ ಇವೆಲ್ಲ ಈ ಅವಧಿಯವು. ಟವರಿನಲ್ಲಿಯೇ ಕೊಳೆತಿದ್ದರೆ ಇವು ಜಗತ್ತಿಗೆ ದೊರೆಯುತ್ತಿರಲಿಲ್ಲ.

ಇಲ್ಲಿಯೂ ಸಂಶಯಕ್ಕೆ ಎಡೆ ಇಲ್ಲದಿಲ್ಲ. ಬೇಕನ್ ವಾದಕ್ಕಿಳಿಯದೆ ತಪ್ಪೊಪ್ಪಿಕೊಂಡುದರಿಂದ ರಾಜನ ಪ್ರೀತಿಪಾತ್ರನಾದ ಬಕಿಂಗ್‌ಹ್ಯಾಮನ ಬಳಗದ ಮೇಲೆ ಬೀಳಬೇಕಾಗಿದ್ದ ದೃಷ್ಟಿ ಬೇರೆಡೆಗೆ ತಿರುಗಿತೆಂದು ಹೇಳುವ ಇತಿಹಾಸಕಾರರಿದ್ದಾರೆ. ಅದೇನೇ ಇರಲಿ, ಮೂರು ಅಂಶಗಳು ಸ್ಪಷ್ಟವಾಗಿವೆ. ಅಪರಾಧ ಬಹಿರಂಗವಾಗಿ ಸ್ಥಾಪಿತವಾಯಿತು. ಅಪರಾಧಿಯು ಅದನ್ನು ಒಪ್ಪಿಕೊಂಡನು; ತೀರ್ಪು ನ್ಯಾಯವಾದುದೆಂದೂ ಹೇಳಿದನು. ಕ್ಷಮೆಯು ಅವನ ದೇಹಕ್ಕೂ ಧನಕ್ಕೂ ದೊರೆಯಿತೇ ಹೊರತು ಅಧಿಕಾರಕ್ಕೆ ದೊರೆಯಲಿಲ್ಲ.

ಡ್ಯಾನ್ಬಿಯ ಕ್ಷಮಾಪತ್ರ

ಇದಕ್ಕೆ ತೀರ ವಿರುದ್ಧವಾದ ಪ್ರಕರಣ ಎರಡನೆಯ ಚಾರಲ್ಸನ ಕಾಲದ್ದು. ಡ್ಯಾನ್ಬಿಯ ಅರ್ಲ್ ಆದ ಥಾಮಸ್ ಆಸ್ಬರ್ನ್ ೧೬೭೩ರಿಂದ ರಾಜ್ಯದ ಕೋಶಾಧಿಪತಿಯಾಗಿದ್ದನು. ಫ್ರಾನ್ಸಿನೊಡನೆ ಯುದ್ಧ ಮಾಡುವುದಕ್ಕೆಂದು ಪಾರ್ಲಿಮೆಂಟಿನಿಂದ ಹಣ ಕೇಳುತ್ತಿದ್ದ ಸಮಯದಲ್ಲಿಯೇ, ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯಿಂದ ವರ್ಷಕ್ಕೆ ೬೦ ಲಕ್ಷ ಲೀವ್ರ್ ನಾಣ್ಯಗಳಂತೆ ಮೂರು ವರ್ಷ ಹಣ ಪಡೆದು ಶಾಂತಿಯಿಂದಿರುವ ಸಂಧಾನಕ್ಕಾಗಿ ೧೬೭೮ರ ಮಾರ್ಚಿನಲ್ಲಿ ಪ್ಯಾರಿಸ್ಸಿನ ರಾಯಭಾರಿ ಮಾಂಟೆಗ್ಯುವಿಗೆ ಅವನು ಪತ್ರ ಬರೆದನು. ಪತ್ರದ ಕೊನೆಯಲ್ಲಿ ರಾಜನು ತನ್ನ ಸಮ್ಮತಿಯನ್ನು ಸ್ವಹಸ್ತದಿಂದ ಬರೆದಿದ್ದನು. ಮುಂದೆ ಡ್ಯಾನ್ಬಿಯ ಶತ್ರುವಾದ ಮಾಂಟೆಗ್ಯುವು ಅದೇ ವರ್ಷದ ಡಿಸೆಂಬರಿನಲ್ಲಿ ಆ ಪತ್ರವನ್ನು ಕಾಮನ್ಸ್ ಸಭೆಯ ಮುಂದಿಟ್ಟನು. ಸಭೆಯು ಡ್ಯಾನ್ಬಿಯ ಮೇಲೆ ಮಹಾಭಿಯೋಗ ಹೂಡಿತು.

ರಾಜನು ಪಾರ್ಲಿಮೆಂಟನ್ನು ವಿಸರ್ಜಿಸಿದನು. ೧೬೭೯ರ ಮಾರ್ಚಿನಲ್ಲಿ ಹೊಸ ಪಾರ್ಲಿಮೆಂಟು ಕೂಡಿದರೂ ಆರೋಪವನ್ನು ಕೈಬಿಡಲಿಲ್ಲ. ಆಗ ರಾಜನು ತಾನು ಈಗಾಗಲೇ ಡ್ಯಾನ್ಬಿಗೆ ಸಂಪೂರ್ಣ ಕ್ಷಮಾದಾನ ಮಾಡಿರುವುದಾಗಿ ಪ್ರಕಟಿಸಿದನು. ವಿಚಾರಿಸಿದಾಗ ಲಾರ್ಡ್ ಚಾನ್ಸಲರನು ತಾನು ಆ ಸಲಹೆ ಕೊಟ್ಟಿಲ್ಲವೆಂದೂ, ರಾಜನು ಮುದ್ರೆಯನ್ನು ತರಿಸಿ ತನ್ನ ಸಮಕ್ಷಮದಲ್ಲಿಯೇ ಒತ್ತಿಸಿದನೆಂದೂ ತಿಳಿಸಿದನು. ಕ್ರಮಬದ್ಧವಾದ ರಾಜಪತ್ರಕ್ಕೆ ಇಷ್ಟು ಗುಟ್ಟು ಏಕೆ ಬೇಕಾಯಿತೆಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ಡ್ಯಾನ್ಬಿಯು ಲಾರ್ಡ್ಸ್ ಸಭೆಯ ಮುಂದೆ ತನ್ನ ನಿರ್ದೋಷಿತ್ವವನ್ನು ಸಾಧಿಸಲು ಹೋಗದೆ ಕ್ಷಮಾಪತ್ರವನ್ನೇ ಗುರಾಣಿಯಾಗಿ ಹಿಡಿದನು. ಕಾಮನ್ಸ್ ಸಭೆಯು ಮೇ ತಿಂಗಳಲ್ಲಿ ಆ ಕ್ಷಮೆ ಅಕ್ರಮವೂ ಶೂನ್ಯವೂ ಎಂದು ನಿರ್ಣಯಿಸಿತು. ಸಭೆಯ ತರ್ಕವನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ರಾಜನು ತಪ್ಪು ಮಾಡಲಾರನೆಂಬುದು ಇಂಗ್ಲಿಷ್ ರಾಜ್ಯಾಂಗದ ಸೂತ್ರ. ಆದುದರಿಂದ ರಾಜಕಾರ್ಯದಲ್ಲಿ ತಪ್ಪು ನಡೆದರೆ ಅದರ ಹೊಣೆಯನ್ನು ಮಂತ್ರಿಯೇ ಹೊರಬೇಕು. ಆ ಮಂತ್ರಿಯನ್ನೂ ರಾಜನು ವಿಚಾರಣೆಗೆ ಮೊದಲೇ ಕ್ಷಮಿಸಬಹುದಾದರೆ ಹೊಣೆಗಾರನೇ ಇಲ್ಲದ ಆಡಳಿತವಾಗುತ್ತದೆ. ಸಂವಿಧಾನದ ಒಂದು ಕೈ ಕೊಟ್ಟುದನ್ನು ಮತ್ತೊಂದು ಕೈ ಕಸಿದುಕೊಂಡಂತೆ.

ಈ ವಾದವಿವಾದ ಮುಗಿಯುವ ಮೊದಲೇ ಆ ಪಾರ್ಲಿಮೆಂಟೂ ವಿಸರ್ಜಿತವಾಯಿತು. ಡ್ಯಾನ್ಬಿಯು ಶಿಕ್ಷಿತನೂ ಆಗದೆ, ಬಿಡುಗಡೆಯನ್ನೂ ಹೊಂದದೆ ೧೬೮೪ರ ಫೆಬ್ರವರಿಯವರೆಗೆ ಹೆಚ್ಚುಕಡಮೆ ಐದು ವರ್ಷ ಟವರಿನಲ್ಲಿ ಕಳೆದನು. ರಾಜನ ಕ್ಷಮೆ ಅವನನ್ನು ಉಳಿಸಲೂ ಇಲ್ಲ, ಅವನಿಗೆ ನ್ಯಾಯ ದೊರಕಿಸಲೂ ಇಲ್ಲ. ಸತ್ಯ ನಿರ್ಣಯವಾಗದೆ ಬಂದ ಕ್ಷಮೆಯು ನಿರಪರಾಧಿಗೂ ಅಪಕಾರಿಯೇ. ಅವನು ನಿಜವಾಗಿಯೂ ರಾಜಾಜ್ಞೆಯನ್ನು ಮಾತ್ರ ಪಾಲಿಸಿದ್ದನಾದರೆ ಅದನ್ನು ಹೇಳಿ ಬಿಡುಗಡೆ ಹೊಂದುವ ದಾರಿಯೂ ಆ ಕ್ಷಮೆಯಿಂದಲೇ ಮುಚ್ಚಿತು.

ಅಧಿಕಾರವನ್ನು ಮರಳಿಸುವ ವಿಷಯದಲ್ಲಿಯೂ ಇವನ ಚರಿತ್ರೆ ಒಂದು ಪಾಠವನ್ನು ಹೇಳುತ್ತದೆ. ೧೬೮೮ರ ರಾಜ್ಯಕ್ರಾಂತಿಯಲ್ಲಿ ವಿಲಿಯಮ್ಮನನ್ನು ಆಹ್ವಾನಿಸಿದ ಏಳು ಮಂದಿಯಲ್ಲಿ ಒಬ್ಬನಾದ ಡ್ಯಾನ್ಬಿಯು ಮತ್ತೆ ಮಂತ್ರಿಪದವಿಗೆ ಏರಿದನು. ೧೬೯೪ರಲ್ಲಿ ಲೀಡ್ಸಿನ ಡ್ಯೂಕ್ ಆದನು. ಮರುವರ್ಷವೇ ಅವನ ಮೇಲೆ ಎರಡನೆಯ ಮಹಾಭಿಯೋಗ ಬಂದಿತು. ಈ ಸಲದ ಆರೋಪ ನಮ್ಮ ದೇಶದ ಇತಿಹಾಸಕ್ಕೂ ಸಂಬಂಧಿಸಿದ್ದು: ಈಸ್ಟ್ ಇಂಡಿಯಾ ಕಂಪೆನಿಯ ಸನ್ನದಿನ ಸಲುವಾಗಿ ೫,೦೦೦ ಗಿನಿಗಳ ಲಂಚ ಪಡೆದನೆಂಬುದು. ಮುಖ್ಯ ಸಾಕ್ಷಿಯು ದೇಶ ಬಿಟ್ಟು ಓಡಿದುದರಿಂದ ಆ ವಿಚಾರಣೆಯೂ ಪೂರ್ಣವಾಗಲಿಲ್ಲ.

೧೭೦೧ರ ನಿಯಮ

ಡ್ಯಾನ್ಬಿಯ ಪ್ರಕರಣದ ಫಲ ೧೭೦೧ರ ಉತ್ತರಾಧಿಕಾರ ಶಾಸನದಲ್ಲಿ ಕಾಣಿಸಿಕೊಂಡಿತು. ಕಾಮನ್ಸ್ ಸಭೆ ಹೂಡಿದ ಮಹಾಭಿಯೋಗಕ್ಕೆ ಉತ್ತರವಾಗಿ ಮಹಾಮುದ್ರೆಯ ಕ್ಷಮಾಪತ್ರವನ್ನು ಮುಂದೊಡ್ಡುವಂತಿಲ್ಲವೆಂದು ಆ ಶಾಸನ ವಿಧಿಸಿತು. ಇದರ ಅರ್ಥವನ್ನು ಹಲವರು ತಪ್ಪಾಗಿ ಗ್ರಹಿಸುವುದುಂಟು. ರಾಜನಿಗೆ ಕ್ಷಮಿಸುವ ಅಧಿಕಾರವೇ ಇಲ್ಲವೆಂದು ಶಾಸನ ಹೇಳಲಿಲ್ಲ. ಕ್ಷಮೆಯಿಂದ ವಿಚಾರಣೆಯನ್ನು ತಡೆಯಬಾರದೆಂದಷ್ಟೇ ಹೇಳಿತು. ವಿಚಾರಣೆ ಮುಗಿದು ಅಪರಾಧ ಸ್ಥಿರಪಟ್ಟ ಮೇಲೆ ಕರುಣೆಗೆ ಅಡ್ಡಿಯಿರಲಿಲ್ಲ. ೧೭೧೫ರ ದಂಗೆಯ ಅನಂತರ ಮಹಾಭಿಯೋಗದಲ್ಲಿ ಮರಣದಂಡನೆಗೆ ಗುರಿಯಾದ ಶ್ರೀಮಂತರಲ್ಲಿ ಮೂವರಿಗೆ ರಾಜನು ಜೀವದಾನ ಮಾಡಿದುದೇ ಇದಕ್ಕೆ ನಿದರ್ಶನ. ಮೊದಲು ಸತ್ಯ, ಆಮೇಲೆ ಕರುಣೆ ಎಂಬುದು ಈ ನಿಯಮದ ತಾತ್ಪರ್ಯ.

೧೭೮೭ರಲ್ಲಿ ಫಿಲಡೆಲ್ಫಿಯದಲ್ಲಿ ಅಮೆರಿಕದ ಸಂವಿಧಾನವನ್ನು ರಚಿಸಿದವರು ಈ ಇತಿಹಾಸವನ್ನು ಬಲ್ಲವರಾಗಿದ್ದರು. ಅವರು ಮಹಾಭಿಯೋಗದ ಪ್ರಕರಣಗಳನ್ನುಳಿದು ಒಕ್ಕೂಟದ ವಿರುದ್ಧ ನಡೆದ ಎಲ್ಲ ಅಪರಾಧಗಳನ್ನೂ ಕ್ಷಮಿಸುವ ಅಧಿಕಾರವನ್ನು ರಾಷ್ಟ್ರಾಧ್ಯಕ್ಷನಿಗೆ ಕೊಟ್ಟರು. ರಾಜದ್ರೋಹವನ್ನಾದರೂ ಇದರಿಂದ ಹೊರಗಿಡಬೇಕೆಂದು ಸೆಪ್ಟೆಂಬರ್ ೧೫ರಂದು ವರ್ಜೀನಿಯದ ರ‍್ಯಾಂಡಾಲ್ಫ್ ಸೂಚಿಸಿದನು. ಅಧ್ಯಕ್ಷನೇ ಅಪರಾಧದಲ್ಲಿ ಪಾಲುಗಾರನಾಗಿರಬಹುದೆಂಬುದು ಅವನ ಭಯ. ಅಂತಹ ಅಧ್ಯಕ್ಷನ ಮೇಲೆ ಮಹಾಭಿಯೋಗ ಹೂಡಬಹುದೆಂದು ಜೇಮ್ಸ್ ವಿಲ್ಸನ್ ಉತ್ತರವಿತ್ತನು. ಸೂಚನೆ ಬಿದ್ದುಹೋಯಿತು. ಜಾರ್ಜ್ ಮೇಸನ್ನನು ಮಾತ್ರ ಸಮಾಧಾನ ಹೊಂದಲಿಲ್ಲ. ಅಧ್ಯಕ್ಷನು ತಾನೇ ಪ್ರೇರೇಪಿಸಿದ ಅಪರಾಧಗಳನ್ನು ಕ್ಷಮಿಸಿ ತನ್ನ ತಪ್ಪು ಹೊರಬೀಳದಂತೆ ಮಾಡಿಕೊಂಡಾನೆಂದು ಅವನು ಎಚ್ಚರಿಸಿದನು.

ನಮ್ಮ ಕಾಲದ ಒಂದು ಪ್ರಕರಣ

ಮೇಸನ್ನನ ಎಚ್ಚರಿಕೆ ಎರಡು ಶತಮಾನಗಳ ಅನಂತರ ಮತ್ತೆ ಮತ್ತೆ ನೆನಪಿಗೆ ಬಂದಿತು. ಇರಾನಿಗೆ ಗುಟ್ಟಾಗಿ ಶಸ್ತ್ರಾಸ್ತ್ರ ಮಾರಿದ ಹಗರಣದಲ್ಲಿ ಸಿಕ್ಕಿದ್ದ ಆರು ಮಂದಿ ಅಧಿಕಾರಸ್ಥರಿಗೆ ಹಿರಿಯ ಜಾರ್ಜ್ ಬುಷ್ ಅವರು ೧೯೯೨ರ ಡಿಸೆಂಬರ್ ೨೪ರಂದು ಕ್ಷಮಾದಾನ ಮಾಡಿದರು. ಅವರಲ್ಲಿ ನಾಲ್ವರ ಅಪರಾಧ ಸ್ಥಾಪಿತವಾಗಿದ್ದಿತು. ಮಾಜಿ ರಕ್ಷಣಾ ಕಾರ್ಯದರ್ಶಿ ವೈನ್‌ಬರ್ಗರ್ ಸೇರಿ ಇಬ್ಬರ ವಿಚಾರಣೆ ಇನ್ನೂ ಆರಂಭವಾಗಬೇಕಾಗಿದ್ದಿತು. ಆ ಹಗರಣ ನಡೆದಾಗ ಬುಷ್ ಅವರು ಉಪಾಧ್ಯಕ್ಷರಾಗಿದ್ದುದರಿಂದ ಟೀಕೆ ತೀವ್ರವಾಯಿತು.

ಅವರ ಮಗನಾದ ಕಿರಿಯ ಬುಷ್ ಅವರ ಕಾಲದಲ್ಲಿ ನಡೆದ ಲಿಬ್ಬಿ ಪ್ರಕರಣ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದುದು. ಲೂಯಿಸ್ ಲಿಬ್ಬಿಯು ಉಪಾಧ್ಯಕ್ಷ ಚೇನಿಯವರ ಕಚೇರಿಯ ಮುಖ್ಯಸ್ಥ. ಇರಾಕ್ ಯುದ್ಧದ ಸಮರ್ಥನೆಯನ್ನು ಟೀಕಿಸಿದ ಮಾಜಿ ರಾಯಭಾರಿಯೊಬ್ಬರ ಪತ್ನಿಯು ಗುಪ್ತಚರ ಇಲಾಖೆಯ ಅಧಿಕಾರಿಯೆಂಬ ಸಂಗತಿ ೨೦೦೩ರಲ್ಲಿ ಪತ್ರಿಕೆಗಳಲ್ಲಿ ಬಯಲಾಯಿತು. ಅದನ್ನು ಬಯಲು ಮಾಡಿದುದಕ್ಕಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ತನಿಖೆಯಲ್ಲಿ ಸುಳ್ಳು ಹೇಳಿ ನ್ಯಾಯಕ್ಕೆ ಅಡ್ಡಿಪಡಿಸಿದುದಕ್ಕಾಗಿ ೨೦೦೭ರ ಮಾರ್ಚ್ ೬ರಂದು ಪಂಚರು ಲಿಬ್ಬಿಯನ್ನು ಐದರಲ್ಲಿ ನಾಲ್ಕು ಆರೋಪಗಳ ಮೇಲೆ ಅಪರಾಧಿಯೆಂದು ಘೋಷಿಸಿದರು. ೩೦ ತಿಂಗಳ ಸೆರೆ, ೨,೫೦,೦೦೦ ಡಾಲರುಗಳ ದಂಡ ವಿಧಿಸಲ್ಪಟ್ಟುವು. ಮೇಲ್ಮನವಿ ಮುಗಿಯುವವರೆಗೆ ಸೆರೆವಾಸವನ್ನು ಮುಂದೂಡಲು ಮೇಲಿನ ನ್ಯಾಯಾಲಯ ಜುಲೈ ೨ರಂದು ನಿರಾಕರಿಸಿತು. ಅದೇ ದಿನ ಬುಷ್ ಅವರು, ಶಿಕ್ಷೆ ಅತಿಯಾಯಿತೆಂಬ ಕಾರಣವಿತ್ತು, ಸೆರೆವಾಸವನ್ನು ಪೂರ್ತಿಯಾಗಿ ತೆಗೆದುಹಾಕಿದರು. ದಂಡವನ್ನೂ ಅಪರಾಧದ ಕಳಂಕವನ್ನೂ ಮುಟ್ಟಲಿಲ್ಲ. ೨೦೦೯ರ ಜನವರಿಯಲ್ಲಿ ಅಧಿಕಾರ ಬಿಡುವಾಗ ಚೇನಿಯವರು ಬಲವಾಗಿ ಒತ್ತಾಯಿಸಿದರೂ ಪೂರ್ಣ ಕ್ಷಮೆ ಕೊಡಲಿಲ್ಲ. ಆ ಕ್ಷಮೆ ಬಂದುದು ೨೦೧೮ರ ಏಪ್ರಿಲ್ ೧೩ರಂದು, ಟ್ರಂಪ್ ಅವರಿಂದ.

ಹೊರನೋಟಕ್ಕೆ ೨೦೦೭ರ ಆದೇಶವು ಜೇಮ್ಸ್ ರಾಜನ ಮಾರ್ಗವನ್ನೇ ಹೋಲುತ್ತದೆ: ಸೆರೆಯಿಂದ ಬಿಡುಗಡೆಯಾಯಿತು, ಕಳಂಕ ಉಳಿಯಿತು. ಆದರೆ ಒಂದು ಮುಖ್ಯ ಭೇದವುಂಟು. ಬೇಕನ್ ಲಂಚ ತೆಗೆದುಕೊಂಡುದು ತನಗಾಗಿ, ಅದನ್ನು ಒಪ್ಪಿಕೊಂಡನು. ಲಿಬ್ಬಿಯ ಅಪರಾಧ ಸತ್ಯವನ್ನು ಮರೆಮಾಡಿದುದು. ಆ ಸತ್ಯ ತನ್ನ ಮೇಲಧಿಕಾರಿಗಳ ನಡೆನುಡಿಗೆ ಸಂಬಂಧಿಸಿದುದು. ತಪ್ಪನ್ನು ಅವನು ಒಪ್ಪಿಕೊಳ್ಳಲೂ ಇಲ್ಲ. ಸುಳ್ಳಿನಿಂದ ಮುಚ್ಚಿದ ಬಾಗಿಲನ್ನು ತೆರೆಯಿಸಲು ನ್ಯಾಯಾಲಯದ ಕೈಯಲ್ಲಿ ಉಳಿದಿದ್ದುದು ಶಿಕ್ಷೆಯ ಭಯವೊಂದೇ. ಅದನ್ನು ತೆಗೆದುಹಾಕಿದವರು ಆ ಮೇಲಧಿಕಾರಿಗಳ ಪೈಕಿಯವರೇ. ಬುಷ್ ಅವರ ಮನಸ್ಸಿನಲ್ಲಿ ನಿಜವಾದ ಕರುಣೆಯೇ ಇದ್ದಿರಬಹುದು. ಆದರೂ ಅದನ್ನು ಪ್ರಜೆಯು ನಂಬುವ ದಾರಿ ಉಳಿಯಲಿಲ್ಲ. ಮತ್ತೊಂದು ಮಾತು: ಅಮೆರಿಕದ ನ್ಯಾಯ ಇಲಾಖೆಯ ನಿಯಮದಂತೆ ಸಾಮಾನ್ಯ ಅಪರಾಧಿಯು ಕ್ಷಮೆಗೆ ಅರ್ಜಿ ಹಾಕಬೇಕಾದರೆ ಶಿಕ್ಷೆ ಮುಗಿದು ಐದು ವರ್ಷ ಕಾಯಬೇಕು. ಅಧಿಕಾರಕ್ಕೆ ಹತ್ತಿರವಾದವನಿಗೆ ಒಂದು ದಿನವೂ ಕಾಯಬೇಕಾಗಲಿಲ್ಲ.

ಭಾರತದ ಸಂದರ್ಭ

ನಮ್ಮ ಸಂವಿಧಾನದ ೭೨ನೆಯ ವಿಧಿಯು ರಾಷ್ಟ್ರಪತಿಗಳಿಗೂ ೧೬೧ನೆಯ ವಿಧಿಯು ರಾಜ್ಯಪಾಲರಿಗೂ ಕ್ಷಮಾಧಿಕಾರವನ್ನು ಕೊಟ್ಟಿವೆ. ಈ ಅಧಿಕಾರವನ್ನು ಮಂತ್ರಿಮಂಡಲದ ಸಲಹೆಯಂತೆಯೇ ಚಲಾಯಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ೧೯೮೦ರ ಮಾರೂರಾಮ್ ತೀರ್ಪಿನಲ್ಲಿ ಸ್ಪಷ್ಟಪಡಿಸಿತು.

ಸರ್ಕಾರಿ ಅಧಿಕಾರಿಯ ಕ್ಷಮೆಯ ವಿಷಯದಲ್ಲಿ ನಮ್ಮಲ್ಲಿ ಪ್ರಸಿದ್ಧವಾದುದು ನೌಕಾದಳದ ಕಮಾಂಡರ್ ನಾನಾವತಿಯವರ ಪ್ರಕರಣ. ೧೯೬೦ರ ಮಾರ್ಚಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಕೊಲೆಯ ಅಪರಾಧಕ್ಕಾಗಿ ಜೀವಾವಧಿ ಶಿಕ್ಷೆ ವಿಧಿಸಿದ ದಿನವೇ, ಸರ್ವೋಚ್ಚ ನ್ಯಾಯಾಲಯಕ್ಕೆ ಮನವಿ ಹೋಗುವವರೆಗೆ ಶಿಕ್ಷೆಯನ್ನು ತಡೆಹಿಡಿದು, ಅವರನ್ನು ನೌಕಾದಳದ ವಶದಲ್ಲಿಯೇ ಇರಿಸಬೇಕೆಂದು ರಾಜ್ಯಪಾಲರ ಆದೇಶ ಹೊರಟಿತು. ವಿಷಯ ತನ್ನ ಮುಂದಿರುವಾಗ ಇಂತಹ ಆದೇಶ ನಡೆಯದೆಂದು ಸರ್ವೋಚ್ಚ ನ್ಯಾಯಾಲಯ ಆ ಸೆಪ್ಟೆಂಬರಿನಲ್ಲಿ ಹೇಳಿತು. ೧೯೬೧ರಲ್ಲಿ ಶಿಕ್ಷೆ ಸ್ಥಿರವಾಯಿತು. ೧೯೬೪ರಲ್ಲಿ ಕ್ಷಮಾದಾನವೂ ಆಯಿತು. ಆ ಅಪರಾಧ ಕೌಟುಂಬಿಕ ಸ್ವರೂಪದ್ದೇ ಹೊರತು ಹುದ್ದೆಗೆ ಸಂಬಂಧಿಸಿದ್ದಲ್ಲ. ಆದರೂ ನ್ಯಾಯದ ಕ್ರಮ ಮುಗಿಯದೆ ಕರುಣೆ ನಡುವೆ ಬರಬಾರದೆಂಬ ಭಾವ, ಡ್ಯಾನ್ಬಿಯ ಕಾಲದ ವಾದಕ್ಕೆ ಸಮೀಪವಾದುದು, ಇಲ್ಲಿಯೂ ಕಂಡುಬರುತ್ತದೆ.

೨೦೦೬ರಲ್ಲಿ ಆಂಧ್ರಪ್ರದೇಶದ ರಾಜ್ಯಪಾಲರು ಕೊಟ್ಟಿದ್ದ ಶಿಕ್ಷಾಮಾಫಿಯೊಂದನ್ನು ಸರ್ವೋಚ್ಚ ನ್ಯಾಯಾಲಯ ರದ್ದುಗೊಳಿಸಿ, ಜಾತಿ, ಮತ, ರಾಜಕೀಯ ನಿಷ್ಠೆ ಇವು ಕ್ಷಮೆಗೆ ಆಧಾರವಾಗಲಾರವೆಂದು ಸಾರಿತು. ಆದರೂ ಒಂದು ತೊಡಕು ಉಳಿಯುತ್ತದೆ. ಅಪರಾಧಿಯು ಮಂತ್ರಿಮಂಡಲದ ಸಹೋದ್ಯೋಗಿಯೇ ಆಗಿದ್ದರೆ ಅವರ ಸಲಹೆಗೆ ಬೆಲೆಯೇನು? ಇದಕ್ಕೆ ನೇರವಾದ ಉತ್ತರವಲ್ಲದಿದ್ದರೂ ೨೦೦೪ರ ಮಧ್ಯಪ್ರದೇಶದ ಪ್ರಕರಣವೊಂದು ದಾರಿ ತೋರುತ್ತದೆ. ಅಲ್ಲಿ ಇಬ್ಬರು ಮಂತ್ರಿಗಳ ಮೇಲೆ ಮೊಕದ್ದಮೆ ಹೂಡಲು ಮಂತ್ರಿಮಂಡಲ ಅನುಮತಿ ನಿರಾಕರಿಸಿತು. ರಾಜ್ಯಪಾಲರು ಅನುಮತಿ ಕೊಟ್ಟರು. ಮಂತ್ರಿಮಂಡಲದ ಪಕ್ಷಪಾತ ಸ್ಪಷ್ಟವಾಗಿರುವಾಗ ರಾಜ್ಯಪಾಲರು ಸ್ವವಿವೇಚನೆಯಿಂದ ನಡೆಯಬಹುದೆಂದು ಐವರು ನ್ಯಾಯಾಧೀಶರ ಪೀಠ ಅದನ್ನು ಎತ್ತಿಹಿಡಿಯಿತು. ಮೊಕದ್ದಮೆಯ ಅನುಮತಿಗೆ ಅನ್ವಯಿಸುವ ಈ ವಿವೇಕ ಕ್ಷಮೆಗೂ ಅನ್ವಯಿಸಬೇಕಾದುದು ನ್ಯಾಯ.

ಉಪಸಂಹಾರ

ಈ ಎಲ್ಲ ಪ್ರಕರಣಗಳಿಂದ ಹೊರಡುವ ನಿರ್ಣಯವೇನು? ರಾಜಸೇವಕನೆಂಬ ಕಾರಣದಿಂದ ಒಬ್ಬನನ್ನು ಕರುಣೆಯಿಂದ ವಂಚಿಸುವುದು ಸರಿಯಲ್ಲ. ಅವನೂ ಮುಪ್ಪು ರೋಗಗಳಿಗೆ ಒಳಪಟ್ಟ ಮನುಷ್ಯನೇ. ಆದರೆ ಅವನ ಕ್ಷಮೆಗೆ ಸಾಮಾನ್ಯನ ಕ್ಷಮೆಗಿಂತ ಬಿಗಿಯಾದ ಕಟ್ಟುಪಾಡುಗಳು ಬೇಕು. ಮೊದಲನೆಯದಾಗಿ, ಅಪರಾಧದ ಸತ್ಯ ನ್ಯಾಯಾಲಯದಲ್ಲಿ ಪೂರ್ಣವಾಗಿ ಬಯಲಾಗುವ ಮುನ್ನ ಕ್ಷಮೆ ಬರಕೂಡದು. ಎರಡನೆಯದಾಗಿ, ಯಾರ ಹಿತವು ಆ ಅಪರಾಧದೊಡನೆ ಹೆಣೆದುಕೊಂಡಿದೆಯೋ ಅವರು ಕ್ಷಮಿಸುವ ಸ್ಥಾನದಿಂದ ದೂರ ಸರಿಯಬೇಕು. ಮೂರನೆಯದಾಗಿ, ಸೆರೆಯನ್ನು ಕ್ಷಮಿಸಬಹುದು, ದಂಡವನ್ನು ಕ್ಷಮಿಸಬಹುದು. ಆದರೆ ದುರುಪಯೋಗಗೊಂಡ ಅಧಿಕಾರವನ್ನು ಅದೇ ಕೈಗೆ ಮರಳಿಸಬಾರದು. ಅಧಿಕಾರವು ಪ್ರಜೆಗಳು ಇಟ್ಟ ಠೇವಣಿ. ಅದನ್ನು ಮರಳಿಸುವುದು ಕ್ಷಮಿಸುವವನ ಸ್ವಂತ ಸೊತ್ತಲ್ಲ.

ಆಜ್ಞೆಯನ್ನು ಪಾಲಿಸಿದ ಸೇವಕನು ಶಿಕ್ಷೆ ಅನುಭವಿಸುವಾಗ ಒಡೆಯನು ಸುಮ್ಮನಿರಬೇಕೆ ಎಂದು ಕೇಳುವವರುಂಟು. ಬೇಡ. ಆಜ್ಞೆ ತನ್ನದೆಂದು ಒಡೆಯನು ಬಹಿರಂಗವಾಗಿ ಒಪ್ಪಿಕೊಳ್ಳಲಿ. ಚಾರಲ್ಸ್ ರಾಜನು ಪತ್ರದ ಕೊನೆಯಲ್ಲಿ ಗುಟ್ಟಾಗಿ ಬರೆದ ಸಮ್ಮತಿಯನ್ನು ಪಾರ್ಲಿಮೆಂಟಿನ ಮುಂದೆ ನಿಂತು ಹೇಳಿದ್ದರೆ ಡ್ಯಾನ್ಬಿಗೆ ಕ್ಷಮಾಪತ್ರದ ಅವಶ್ಯಕತೆಯೇ ಬೀಳುತ್ತಿರಲಿಲ್ಲ. ಸೇವಕನ ಮೇಲಿನ ನಿಜವಾದ ಕರುಣೆ ಆ ಮಾತಿನಲ್ಲಿರುತ್ತಿತ್ತು. ಗುಟ್ಟಾಗಿ ಒತ್ತಿಸಿದ ಮುದ್ರೆಯಲ್ಲಿ ಅದು ಇರಲಿಲ್ಲ.